ಮನೆಯ ಲೆಕ್ಕ, ಊರಿನ ಲೆಕ್ಕ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಎಂಬುದೊಂದು ಪುಟ್ಟ ಹಳ್ಳಿ. 1980ರ ದಶಕದಲ್ಲಿ ಅಲ್ಲಿದ್ದವರು ಐನೂರರ ಆಸುಪಾಸು ಜನ. 1987ರಲ್ಲಿ ಈ ಊರಿನ ಮನೆಗಳಲ್ಲಿ ಟ್ಯೂಬ್‌ಲೈಟು ಉರಿಯತೊಡಗಿತು. ಕೊಳವೆ ಬಾವಿಯ ನೀರು ನಲ್ಲಿಗೆ ಬರತೊಡಗಿತು. ದೀಪ ಮತ್ತು ನಲ್ಲಿ ಅನೇಕ ಊರುಗಳಿಗೆ ಬಂದಿವೆ, ಇದರಲ್ಲೇನು ವಿಶೇಷ ಎಂದು ಕೇಳಬಹುದು. ವಿಶೇಷವಿದ್ದುದು ಆ ವಿದ್ಯುತ್ತು ಹುಟ್ಟಿದ ಜಾಗದಲ್ಲಿ. ಶರಾವತಿಯ ಕಡೆಯಿಂದ ತಂತಿಯ ಮೂಲಕ ಬಂದ ವಿದ್ಯುತ್ತಲ್ಲ ಅದು. ಊರಿನ ಕೊಟ್ಟಿಗೆಗಳ ಸಗಣಿಯಿಂದ ಊರಿನಲ್ಲೇ ಹುಟ್ಟಿದ್ದು.

ಈ ಕೆಲಸದ ಹಿಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಎಂಬ ತಂಡವಿತ್ತು. ಹಳ್ಳಿಗಳಿಗೆ ಒದಗುವ ತಂತ್ರಜ್ಞಾನವನ್ನು ರೂಪಿಸಬೇಕೆಂದು 1974ರಲ್ಲಿ ಅದನ್ನು ಕಟ್ಟಿದವರು ವಿದ್ಯುದ್ರಸಾಯನ ವಿಜ್ಞಾನಿ ಅಮೂಲ್ಯ ರೆಡ್ಡಿ. ಪುರದ ಪಕ್ಕದ ಉಂಗ್ರದಲ್ಲಿ ಈ ತಂಡದ ವಿಸ್ತರಣಾ ಕೇಂದ್ರವಿತ್ತು.

ಮೊದಲ ಪ್ರಯತ್ನ ಸೋತದ್ದೇಕೆ?

ವಿಜ್ಞಾನಿಗಳು ಮೊದಲು ಯೋಚಿಸಿದ್ದು ಅಡುಗೆ ಅನಿಲದ ಬಗ್ಗೆ. ಊರಿಗೆಲ್ಲ ಸೇರಿ ಒಂದು ದೊಡ್ಡ ಗೋಬರ್ ಗ್ಯಾಸ್ ಸ್ಥಾವರ, ಅಲ್ಲಿಂದ ಮನೆಮನೆಗೆ ಅನಿಲ, ಹೊಗೆಯಿಲ್ಲದ ಅಡುಗೆಮನೆ ಎಂಬ ಯೋಜನೆ ಕೇಳಲು ಸೊಗಸಾಗಿಯೇ ಇತ್ತು. ಆದರೆ ಅದು ನಡೆಯಲಿಲ್ಲ. ಎಲ್ಲರ ಅಡುಗೆಗೂ ಸಾಕಾಗುವಷ್ಟು ಅನಿಲ ಹುಟ್ಟಲಿಲ್ಲ.

ಕಾರಣವನ್ನು ಶಾಲೆಯ ಹುಡುಗರೂ ಲೆಕ್ಕ ಹಾಕಿ ತಿಳಿಯಬಹುದು. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 35ರಿಂದ 40 ಲೀಟರ್ ಅನಿಲ ಸಿಗುತ್ತದೆ. ಐದು ಜನರ ಒಂದು ಮನೆಯ ಅಡುಗೆಗೆ ದಿನಕ್ಕೆ ಸುಮಾರು 1,300 ಲೀಟರ್ ಅನಿಲ ಬೇಕು. ಅಂದರೆ 35 ಕಿಲೋ ಸಗಣಿ. ಅಷ್ಟು ಸಗಣಿಗೆ ಹೊಟ್ಟೆ ತುಂಬ ಮೇವು ತಿನ್ನುವ ಮೂರು ನಾಲ್ಕು ರಾಸುಗಳು ಕೊಟ್ಟಿಗೆಯಲ್ಲೇ ಇರಬೇಕು. ಹಗಲೆಲ್ಲ ಮೇಯಲು ಹೋಗುವ ದನಗಳ ಸಗಣಿಯಲ್ಲಿ ಒಂದು ಪಾಲು ದಾರಿಯಲ್ಲಿ, ಗೋಮಾಳದಲ್ಲಿ ಬೀಳುತ್ತದೆ. ಒಂದು ದನವೂ ಇಲ್ಲದ ಮನೆಗಳೂ ಊರಿನಲ್ಲಿರುತ್ತವೆ.

ಆಗ ಯೋಜನೆಯ ಗುರಿಯೇ ಬದಲಾಯಿತು. ಊರಿನವರಿಗೆ, ಅದರಲ್ಲೂ ಹೆಂಗಸರಿಗೆ, ಒಲೆಗಿಂತ ಮುಂಚೆ ಬೇಕಾಗಿದ್ದುದು ಕುಡಿಯುವ ಒಳ್ಳೆಯ ನೀರು. ಸರಿ, ಅನಿಲವನ್ನು ಒಲೆಗೆ ಬಿಡುವ ಬದಲು ಎಂಜಿನ್ನಿಗೆ ಬಿಟ್ಟರು. ಸ್ವಲ್ಪ ಡೀಸೆಲ್, ಹೆಚ್ಚಿನ ಪಾಲು ಗೋಬರ್ ಅನಿಲ ಸೇರಿ ಎಂಜಿನ್ ಓಡಿತು. ಅದು ಜನರೇಟರನ್ನು ತಿರುಗಿಸಿತು. ಆ ವಿದ್ಯುತ್ತಿನಿಂದ ಪಂಪು ನಡೆಯಿತು, ದೀಪ ಉರಿಯಿತು.

ಅಡುಗೆಗೆ ಸಾಲದ ಅನಿಲ ನೀರಿಗೆ ಹೇಗೆ ಸಾಕಾಯಿತು? ಇಲ್ಲೇ ಭೌತಶಾಸ್ತ್ರದ ಸ್ವಾರಸ್ಯವಿದೆ. ಅಡುಗೆಗೆ ಬೇಕಾದದ್ದು ಶಾಖ. ಶಾಖ ಬಹಳ ಶಕ್ತಿಯನ್ನು ನುಂಗುತ್ತದೆ. ಒಂದು ಸಾವಿರ ಲೀಟರ್ ನೀರನ್ನು 50 ಮೀಟರ್ ಆಳದಿಂದ ಮೇಲೆತ್ತಲು ಬೇಕಾದ ಶಕ್ತಿ ಐದು ಲಕ್ಷ ಜೂಲ್‌ಗಿಂತ ಕಡಿಮೆ. ಒಂದು ಮನೆಯ ಒಂದು ದಿನದ ಅಡುಗೆ ಅನಿಲದಲ್ಲಿರುವುದು ಸುಮಾರು 270 ಲಕ್ಷ ಜೂಲ್. ಎಂಜಿನ್ನಿನಲ್ಲಿ ಐದರಲ್ಲಿ ನಾಲ್ಕು ಪಾಲು ವ್ಯರ್ಥವಾಗಿ, ಪಂಪಿನಲ್ಲಿ ಉಳಿದುದರ ಅರ್ಧ ಹೋದರೂ ಆ ಅನಿಲದಿಂದ 5 ಸಾವಿರ ಲೀಟರ್ ನೀರು ಮೇಲೆ ಬರುತ್ತದೆ. ಒಂದು ಮನೆಯ ಮೂರು ಹೊತ್ತಿನ ಅಡುಗೆಯ ಅನಿಲ ನೂರಾರು ಜನರಿಗೆ ಕುಡಿಯುವ ನೀರನ್ನು ಎತ್ತಿಕೊಡಬಲ್ಲುದು.

ಸಗಣಿಯ ತೂಕ

ಸ್ಥಾವರ ನಡೆಯಲು ಪ್ರತಿದಿನ ಸಗಣಿ ಬೇಕು. ಅದಕ್ಕೆ ಪುರದಲ್ಲಿ ಮಾಡಿಕೊಂಡ ವ್ಯವಸ್ಥೆ ಸರಳ. ಮನೆಯವರು ಸಗಣಿ ತಂದರೆ ತೂಗಿ ಲೆಕ್ಕ ಬರೆದುಕೊಳ್ಳುತ್ತಿದ್ದರು. ತಂದವರಿಗೆ ಕಿಲೋಗೆ ಇಷ್ಟು ಪೈಸೆ ಎಂದು ಕೂಲಿ. ತರುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚಾದ್ದರಿಂದ ಆ ಚಿಲ್ಲರೆ ಹಣ ಅವರ ಕೈ ಸೇರುತ್ತಿತ್ತು. ಅನಿಲ ಬಿಟ್ಟುಕೊಟ್ಟ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಸಗಣಿ ಕೊಟ್ಟವರಿಗೆ ಗೊಬ್ಬರವಾಗಿ ಹಿಂದಿರುಗಿಸುತ್ತಿದ್ದರು. ತೆರೆದ ತಿಪ್ಪೆಯಲ್ಲಿ ಬಿಸಿಲಿಗೆ ಒಣಗಿದ ಗೊಬ್ಬರಕ್ಕಿಂತ ಇದರಲ್ಲಿ ಸಾರಜನಕ ಹೆಚ್ಚು ಉಳಿಯುತ್ತದೆ. ಹೀಗಾಗಿ ಹೊಲಕ್ಕೆ ಯಾವ ನಷ್ಟವೂ ಇಲ್ಲ.

ಮನೆಗಳವರು ಸಗಣಿ ಕೊಡುವುದನ್ನು ನಿಲ್ಲಿಸಿದರೆ ಏನಾಗುತ್ತದೆ? ಅನಿಲ ಇಳಿಯುತ್ತದೆ, ದೀಪ ಆರುತ್ತದೆ, ನಲ್ಲಿ ಒಣಗುತ್ತದೆ. ಆರುವುದು ತಮ್ಮ ಮನೆಯ ದೀಪವೇ. ಆದ್ದರಿಂದ ಯಾರೂ ಬಂದು ಪರಿಸರದ ಬಗ್ಗೆ ಭಾಷಣ ಮಾಡಬೇಕಾಗಿರಲಿಲ್ಲ. ಮನೆಯ ಲೆಕ್ಕವೂ ಊರಿನ ಲೆಕ್ಕವೂ ಒಂದೇ ಪುಸ್ತಕದಲ್ಲಿತ್ತು.

ಪುರದ ಆ ಸ್ಥಾವರ ವರ್ಷಗಳ ಕಾಲ ನಡೆದು ಮುಂದೆ ನಿಂತಿತು. ಯಂತ್ರಕ್ಕೆ ಆಯುಸ್ಸಿದೆ, ದಿನವೂ ನೋಡಿಕೊಳ್ಳುವ ಕೈಗಳು, ದುರಸ್ತಿಗೆ ಹಣ, ಲೆಕ್ಕ ಇಡುವ ಸಮಿತಿ ಇವೆಲ್ಲ ಇರುವವರೆಗೆ ಮಾತ್ರ ಇಂಥ ಏರ್ಪಾಡು ಬದುಕುತ್ತದೆ. ಆದರೆ ಅದು ನಡೆದ ಕಾಲದಲ್ಲಿ ಕಲಿಸಿದ ಪಾಠಕ್ಕೆ ವಯಸ್ಸಾಗಿಲ್ಲ. ಇಂದು 'ಸುಸ್ಥಿರ ಬದುಕು' ಎಂದು ಯಾವುದನ್ನು ಕರೆಯುತ್ತಾರೋ ಅದರ ಪ್ರತಿಯೊಂದು ಬಾಬನ್ನೂ ಈ ಒಂದು ಪ್ರಶ್ನೆಯಿಂದ ಅಳೆದು ನೋಡಬಹುದು: ಇದರಲ್ಲಿ ಮನೆಯ ಲೆಕ್ಕ, ಊರಿನ ಲೆಕ್ಕ ಕೂಡುತ್ತವೆಯೇ?

ಕೆರೆಯ ಗೋಡು

ಕರ್ನಾಟಕದ ಬಯಲುಸೀಮೆಗೆ ಈ ಪಾಠ ಹೊಸದಲ್ಲ. ರಾಜ್ಯದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರದ ಸೀಮೆ ಬದುಕಿದ್ದೇ ಕೆರೆಗಳಿಂದ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದಕ್ಕೂ ಕೆಳಗಿನದಕ್ಕೆ ಹರಿಯುತ್ತಿತ್ತು.

ಕೆರೆಯ ದೊಡ್ಡ ಶತ್ರು ಹೂಳು. ಮಳೆನೀರಿನ ಜೊತೆ ಬರುವ ಮಣ್ಣು ವರ್ಷವರ್ಷವೂ ತಳದಲ್ಲಿ ಕೂರುತ್ತದೆ. ಅದನ್ನು ತೆಗೆಯುತ್ತಿದ್ದವರು ಯಾರು? ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಆ ಗೋಡನ್ನು ಅಗೆದು ತಮ್ಮ ಹೊಲಕ್ಕೆ ಹೊಡೆಯುತ್ತಿದ್ದರು. ಜೇಡಿ ಮತ್ತು ಸಾವಯವ ಅಂಶ ತುಂಬಿದ ಗೋಡು ಮರಳು ಮಿಶ್ರಿತ ಕೆಂಪು ಹೊಲಕ್ಕೆ ಬಿದ್ದರೆ ತೇವ ಹೆಚ್ಚು ದಿನ ನಿಲ್ಲುತ್ತದೆ. ರೈತ ಹೋದದ್ದು ತನ್ನ ಹೊಲಕ್ಕೆ ಗೊಬ್ಬರ ತರಲು. ಕೆರೆಯ ಹೂಳೆತ್ತುವ ಕೆಲಸ ತಾನಾಗಿ ಆಗುತ್ತಿತ್ತು. ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು ನೀರುಗಂಟಿ. ಅವನಿಗೆ ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಧಾನ್ಯದ ಆಯ ಸಲ್ಲುತ್ತಿತ್ತು. ಬೆಳೆ ಚೆನ್ನಾಗಿ ಬಂದರೆ ಅವನ ಪಾಲೂ ಚೆನ್ನು. ಹಾಗೆಂದು ಹಳೆಯ ಕಾಲದಲ್ಲಿ ಎಲ್ಲವೂ ನ್ಯಾಯವಾಗಿತ್ತು ಎನ್ನುವಂತಿಲ್ಲ. ಕೆರೆಯ ಕೆಳಗೆ ಗದ್ದೆ ಇಲ್ಲದವರು, ಬಾವಿ ಮುಟ್ಟಲು ಬಿಡದೆ ಇಟ್ಟವರು ಪ್ರತಿ ಊರಿನಲ್ಲೂ ಇದ್ದರು. ಇಂದು ಕಟ್ಟುವ ಏರ್ಪಾಡಿನಲ್ಲಿ ಅವರಿಗೂ ಪಾಲಿರಬೇಕು.

ಈ ನಂಟು ಕಳಚಿದ್ದು ಹೇಗೆ? ಗೊಬ್ಬರ ಮೂಟೆಯಲ್ಲಿ ಬಂತು, ಗೋಡು ಬೇಡವಾಯಿತು. ಕೆರೆಯ ಉಸ್ತುವಾರಿ ಇಲಾಖೆಯದಾಯಿತು. ಹೊಲದಲ್ಲೇ ಕೊಳವೆ ಬಾವಿ ಬಂದಮೇಲೆ ತೂಬಿನ ಕಡೆ ನೋಡುವವರಿಲ್ಲ. ಪ್ರತಿಯೊಬ್ಬನ ಲೆಕ್ಕ ಬೇರೆಯಾಯಿತು. ಕೋಲಾರದಲ್ಲಿ ಬಾವಿಗಳು ಸಾವಿರ ಅಡಿಯನ್ನೂ ದಾಟಿ ಇಳಿದವು. ಆಳದ ಬಂಡೆಗಳ ನಡುವಿನ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದರೆ ಮೂಳೆಗಳೇ ಕೆಡುತ್ತವೆ. ಕೆರೆ ಕೈಬಿಟ್ಟ ತಲೆಮಾರಿನ ಸಾಲವನ್ನು ತೀರಿಸುವುದು ಹೀಗೆ ಮುಂದಿನ ತಲೆಮಾರಿನ ಮಕ್ಕಳು.

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬರಿದಾಗಿದ್ದ ಕೆರೆಗಳಲ್ಲಿ ನೀರು ನಿಂತಿದೆ; ಅದರ ಗುಣಮಟ್ಟದ ಬಗ್ಗೆ ಚರ್ಚೆಯೂ ನಡೆದಿದೆ. ಬೆಂಗಳೂರಿನ ಮನೆಯೊಂದರ ಸಿಂಕಿನಲ್ಲಿ ಸುರಿದ ಬಣ್ಣ, ಆಮ್ಲ, ಹಳೆಯ ಔಷಧಿ ಎಲ್ಲಿಗೆ ಹೋಗುತ್ತವೆ ಎಂದು ಮಕ್ಕಳು ಕೇಳಿದರೆ, ಈಗ ನಕ್ಷೆಯಲ್ಲಿ ಬೆರಳಿಟ್ಟು ತೋರಿಸಬಹುದು.

ಮಾಳಿಗೆಯ ಮೇಲಿನ ಕೆರೆ

ಹಳ್ಳಿಗೆ ಕೆರೆ ಹೇಗೋ ಪಟ್ಟಣಕ್ಕೆ ಮಾಳಿಗೆ ಹಾಗೆ. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ನೂರು ಚದರ ಮೀಟರ್ ಮಾಳಿಗೆಯ ಮೇಲೆ ಬೀಳುವುದು 97 ಸಾವಿರ ಲೀಟರ್. ಆವಿಯಾಗಿ, ಸೋರಿ ಐದನೆಯ ಒಂದು ಪಾಲು ಹೋಯಿತೆಂದರೂ 77 ಸಾವಿರ ಲೀಟರ್ ಕೈಗೆ ಸಿಗುತ್ತದೆ. ನಗರದ ಮಾಪಕದಂತೆ ತಲೆಗೆ ದಿನಕ್ಕೆ 135 ಲೀಟರ್ ಬಳಸುವ ನಾಲ್ಕು ಜನರ ಸಂಸಾರಕ್ಕೆ ಇದು 140 ದಿನಗಳ ನೀರು.

ಈಗ ನಲ್ಲಿಯ ನೀರಿನ ಲೆಕ್ಕ ನೋಡೋಣ. ಬೆಂಗಳೂರಿಗೆ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಮೇಲೆತ್ತಲು 49 ಲಕ್ಷ ಜೂಲ್, ಅಂದರೆ 1.36 ಯೂನಿಟ್ ವಿದ್ಯುತ್ತು ಬೇಕು. ಪಂಪಿನ ನಷ್ಟ, ಕೊಳವೆಯ ಘರ್ಷಣೆ ಸೇರಿದರೆ ಸುಮಾರು ಎರಡು ಯೂನಿಟ್. ಮಾಳಿಗೆಯ ಮೇಲೆ ಬೀಳುವ ಮಳೆಯನ್ನು ಸೂರ್ಯನೇ ಮೇಲೆತ್ತಿ ತಂದಿರುತ್ತಾನೆ. ಅವನ ಬಿಲ್ಲು ಬರುವುದಿಲ್ಲ.

2009ರಿಂದ ಬೆಂಗಳೂರಿನಲ್ಲಿ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಕಾನೂನಿದ್ದೂ 2024ರ ಮಾರ್ಚಿಯಲ್ಲಿ ನಗರ ನೀರಿಗಾಗಿ ಪರದಾಡಿತು. ಬೋರ್‌ವೆಲ್‌ಗಳು ಬತ್ತಿದವು, ಕುಡಿಯುವ ನೀರಿನಿಂದ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5 ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಸಾರಬೇಕಾಯಿತು. ಇದು ಬಯಲುಸೀಮೆಯ ಪಾಡು ಮಾತ್ರವಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಕಾಣುವ ಮಂಗಳೂರಿನಲ್ಲೂ 2019ರ ಬೇಸಿಗೆಯಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಮಳೆ ಎಷ್ಟು ಬಿತ್ತು ಎಂಬುದಕ್ಕಿಂತ ಬಿದ್ದದ್ದರಲ್ಲಿ ಎಷ್ಟನ್ನು ಹಿಡಿದಿಟ್ಟೆವು ಎಂಬುದೇ ಮುಖ್ಯ.

ಮಾಡುವ ಕ್ರಮ ಕಷ್ಟದ್ದಲ್ಲ. ವರ್ಷದ ಮೊದಲ ಮಳೆಗಳ ನೀರು ಮಾಳಿಗೆಯ ಧೂಳನ್ನು, ಹಕ್ಕಿಗಳ ಹಿಕ್ಕೆಯನ್ನು ತೊಳೆದು ತರುವುದರಿಂದ ಅದನ್ನು ಹೊರಗೆ ಬಿಡಬೇಕು. ಆಮೇಲಿನದನ್ನು ಜಲ್ಲಿ, ಮರಳಿನ ಸೋಸುಕದ ಮೂಲಕ ತೊಟ್ಟಿಗೆ ಇಳಿಸಬೇಕು. ತೊಟ್ಟಿಗೆ ಬೆಳಕು, ಸೊಳ್ಳೆ ಹೋಗದಂತೆ ಮುಚ್ಚಳವಿರಬೇಕು. ತೊಟ್ಟಿ ತುಂಬಿ ಉಕ್ಕಿದ್ದನ್ನು ಇಂಗುಬಾವಿಗೆ ಬಿಡಬಹುದು. ಬಚ್ಚಲಿನ, ಪಾಯಿಖಾನೆಯ ನೀರು ಮಾತ್ರ ಇಂಗುಬಾವಿಯ ಹತ್ತಿರ ಸುಳಿಯಕೂಡದು. ಒಮ್ಮೆ ಕೆಟ್ಟ ಅಂತರ್ಜಲವನ್ನು ತೊಳೆಯುವ ಉಪಾಯ ಸುಲಭವಾಗಿ ಸಿಗುವುದಿಲ್ಲ.

ಇಲ್ಲೊಂದು ತೊಡಕಿದೆ. ಒಂದು ಮನೆಯವರು ಇಂಗಿಸಿದ ನೀರನ್ನು ಪಕ್ಕದ ಮನೆಯ ಬೋರ್‌ವೆಲ್ ಎಳೆಯಬಹುದು. 'ನಾವು ಇಂಗಿಸುವುದು, ಅವರು ಎಳೆಯುವುದೋ?' ಎಂಬ ಮಾತು ಹುಟ್ಟುವುದು ಸಹಜ. ಇದಕ್ಕೆ ಉತ್ತರ ಇಡೀ ಬೀದಿಯೇ ಒಟ್ಟಾಗಿ ಇಂಗಿಸುವುದು. ಬೀದಿಯವರೆಲ್ಲ ಸೇರಿದಾಗ ಖರ್ಚೂ ಹಂಚಿಹೋಗುತ್ತದೆ, ಯಾರೂ ಯಾರ ಪಾಲನ್ನೂ ಕದ್ದಂತಾಗುವುದಿಲ್ಲ.

ಬೇರೆ ಊರಿಗೆ ಕಳಿಸಿದ ಕಸ

ಬೆಂಗಳೂರಿನ ಕಸ ಬಹುಕಾಲ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ಪಾಲಾಗಿತ್ತು. 2012ರಲ್ಲಿ ಮಾವಳ್ಳಿಪುರದ ಭರ್ತಿಜಾಗ ಮುಚ್ಚಿದಾಗ ನಗರದ ಬೀದಿಗಳಲ್ಲಿ ಕಸ ರಾಶಿಬಿತ್ತು. 2014ರಲ್ಲಿ ಮಂಡೂರಿನ ಜನರೂ ಲಾರಿಗಳಿಗೆ ಅಡ್ಡ ನಿಂತರು. ಅಲ್ಲಿನ ಬಾವಿಯ ನೀರು, ಗಾಳಿ ಎರಡೂ ಕೆಟ್ಟಿದ್ದವು. ಮುಂದೆ 2015ರಲ್ಲಿ ಹಸಿ ಕಸ, ಒಣ ಕಸ, ಉಳಿದ ಕಸ ಎಂದು ಮನೆಯಲ್ಲೇ ಬೇರ್ಪಡಿಸಬೇಕೆಂದು ಹೈಕೋರ್ಟು ಆದೇಶಿಸಿತು.

ಬೇರ್ಪಡಿಸುವುದೇಕೆ ಎಂಬುದಕ್ಕೆ ಪುರದ ಸಗಣಿಯೇ ಉತ್ತರ ಕೊಡುತ್ತದೆ. ಗಾಳಿಯಾಡದೆ ಕೊಳೆಯುವ ಹಸಿ ಕಸದಿಂದ ಹುಟ್ಟುವುದೂ ಅದೇ ಮೀಥೇನ್. ಪುರದಲ್ಲಿ ಅದನ್ನು ಹಿಡಿದು ದೀಪ ಹಚ್ಚಿದರು. ಕಸದ ಗುಡ್ಡದಲ್ಲಿ ಅದು ಬಾನಿಗೆ ಹೋಗುತ್ತದೆ. ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಬಲಶಾಲಿ.

ಮನೆಯಲ್ಲಿ ದಿನಕ್ಕೆ ಅರ್ಧ ಕಿಲೋ ಹಸಿ ಕಸ ಎಂದಿಟ್ಟುಕೊಂಡರೆ ಐವತ್ತು ಮನೆಗಳ ಬೀದಿಯಿಂದ ವರ್ಷಕ್ಕೆ 9 ಟನ್ ಆಗುತ್ತದೆ. ಅದೇ ಬೀದಿಯ ಮರಗಳ ಒಣ ಎಲೆಗಳನ್ನು ಗುಡಿಸಿ ಸುಡುತ್ತಾರೆ. ಇವೆರಡನ್ನೂ ಕೂಡಿಸಿದರೆ ಗೊಬ್ಬರ. ಸಿಪ್ಪೆ, ಸೊಪ್ಪಿನಲ್ಲಿ ಸಾರಜನಕ ಹೆಚ್ಚು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಒಂದು ಪದರ ಹಸಿ ಕಸ, ಅದರ ಮೇಲೆ ದಪ್ಪ ಪದರ ಒಣ ಎಲೆ, ಕೈಗೆ ತಾಗುವಷ್ಟು ತೇವ, ವಾರಕ್ಕೊಮ್ಮೆ ಮಗುಚಿ ಗಾಳಿ ಕೊಡುವುದು, ಇಷ್ಟೇ ವಿಧಾನ. ವಾಸನೆ ಬಂದರೆ ನೀರು ಹೆಚ್ಚಾಗಿದೆ, ಎಲೆ ಕಡಿಮೆಯಾಗಿದೆ ಎಂದೇ ಅರ್ಥ. ಎರಡು ಮೂರು ತಿಂಗಳಲ್ಲಿ ಮಣ್ಣಿನ ಬಣ್ಣದ ಗೊಬ್ಬರ ಸಿದ್ಧ.

ಬಚ್ಚಲೊಲೆಯ ಬೆಂಕಿ

ಅಡುಗೆಮನೆಗೆ ಅನಿಲದ ಸಿಲಿಂಡರ್ ಬಂದಮೇಲೂ ಅನೇಕ ಹಳ್ಳಿಮನೆಗಳಲ್ಲಿ ಸ್ನಾನದ ನೀರು ಕಾಯುವುದು ಸೌದೆಯಿಂದಲೇ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಅಸ್ತ್ರ ತಂಡವೇ ರೂಪಿಸಿದ 'ಅಸ್ತ್ರ ಒಲೆ'ಯಲ್ಲಿ ಬೆಂಕಿಯ ಗೂಡನ್ನು ಮುಚ್ಚಿ, ಕೆಳಗೆ ಜಾಲರಿ ಇಟ್ಟು, ಬಿಸಿ ಗಾಳಿ ಮೂರು ಪಾತ್ರೆಗಳನ್ನು ಸವರಿಕೊಂಡು ಚಿಮಣಿಯಿಂದ ಹೊರಹೋಗುವಂತೆ ಮಾಡಿದ್ದರು. ಸೌದೆ ಉಳಿಯಿತು, ಹೊಗೆ ಹೊರಗೆ ಹೋಯಿತು. ಹಂಡೆಯ ಒಲೆಗೂ ಇದೇ ತತ್ತ್ವ ಸಲ್ಲುತ್ತದೆ.

ಬಿಸಿಲು ಧಾರಾಳವಾಗಿರುವ ಕಡೆ ಸೌರ ಹೀಟರ್ ಇನ್ನೂ ಲೇಸು. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 50 ಡಿಗ್ರಿಗೆ ಕಾಯಿಸಲು ಮೂರೂವರೆ ಯೂನಿಟ್ ವಿದ್ಯುತ್ತು ಬೇಕು. ಬೆಳಗಿನ ಒಂದೇ ಹೊತ್ತಿನಲ್ಲಿ ಲಕ್ಷಾಂತರ ಗೀಸರುಗಳು ಹೊತ್ತಿಕೊಂಡಾಗ ಜಾಲದ ಮೇಲೆ ಬೀಳುವ ಭಾರವನ್ನು ಮಾಳಿಗೆಯ ಮೇಲಿನ ಒಂದು ಕಪ್ಪು ತಟ್ಟೆ ಇಳಿಸುತ್ತದೆ.

ವಿದ್ಯಾರ್ಥಿಗಳಿಗೆ ಒಂದು ವಾರದ ಕೆಲಸ

ಮೇಲಿನ ಅಂಕಿಗಳನ್ನು ನಂಬಬೇಕಾಗಿಲ್ಲ. ಮನೆಯಲ್ಲೇ ಅಳೆದು ನೋಡಬಹುದು.

ನೇರ ಗೋಡೆಯ ಒಂದು ಡಬ್ಬವನ್ನು ಬಯಲಿನಲ್ಲಿಟ್ಟು, ಮಳೆ ಬಂದ ಮರುದಿನ ಬೆಳಿಗ್ಗೆ ಸ್ಕೇಲಿನಿಂದ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆಯಿರಿ. ಅದನ್ನು ಮಾಳಿಗೆಯ ಚದರ ಮೀಟರಿನಿಂದ ಗುಣಿಸಿದರೆ ಆ ರಾತ್ರಿ ಮನೆ ಎಷ್ಟು ಲೀಟರ್ ಕಳೆದುಕೊಂಡಿತು ಎಂದು ಗೊತ್ತಾಗುತ್ತದೆ.

ಸೋರುವ ನಲ್ಲಿಯ ಕೆಳಗೆ ಲೋಟ ಇಡಿ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು. ವರ್ಷಕ್ಕೆ ಎಷ್ಟಾಯಿತು? ಒಂದು ವಾಷರಿನ ಬೆಲೆ ಎಷ್ಟು?

ಏಳು ದಿನ ಹಸಿ ಕಸ ಮತ್ತು ಒಣ ಕಸವನ್ನು ಬೇರೆ ಬೇರೆ ತೂಗಿ ಬರೆಯಿರಿ. ತರಗತಿಯವರೆಲ್ಲರ ಅಂಕಿಗಳನ್ನು ಕೂಡಿಸಿ ಊರಿನ ಮನೆಗಳ ಸಂಖ್ಯೆಗೆ ಲೆಕ್ಕ ಕಟ್ಟಿ.

ಊರಿನ ಹಿರಿಯರನ್ನು ಕೇಳಿ ಕೆರೆಯ ತೂಬು, ಕೋಡಿ, ನೀರು ಬರುವ ಕಾಲುವೆಗಳನ್ನು ಗುರುತಿಸಿ ನಕ್ಷೆ ಬರೆಯಿರಿ. ಕಾಲುವೆ ಎಲ್ಲಿ ಮುಚ್ಚಿಹೋಗಿದೆ, ಅದರ ಮೇಲೆ ಏನು ಎದ್ದಿದೆ ಎಂಬುದನ್ನೂ ಗುರುತು ಮಾಡಿ.

ತಂದೆ ತಾಯಿಗಳ ಕೆಲಸ ಇದಕ್ಕಿಂತ ಸ್ವಲ್ಪ ಕಠಿಣ. ಮಕ್ಕಳು ಬರೆದು ತಂದ ಅಂಕಿಗಳನ್ನು ಓದಿ, ಬೀದಿಯ ನಾಲ್ಕು ಮನೆಯವರನ್ನು ಒಂದು ಸಂಜೆ ಕೂರಿಸಿ ಮಾತನಾಡಬೇಕು. ಗೊಬ್ಬರದ ಗುಂಡಿಗೆ ಜಾಗ ಯಾರದು, ಅದನ್ನು ಮಗುಚುವವರು ಯಾರು, ಅವರಿಗೆ ಕೊಡುವುದು ಎಷ್ಟು, ಗೊಬ್ಬರ ಹಂಚುವುದು ಹೇಗೆ ಎಂಬುದನ್ನು ಮೊದಲ ದಿನವೇ ಬರೆದಿಡಬೇಕು. ದನವಿಲ್ಲದ ಮನೆಯಂತೆ ಇಲ್ಲೂ ಕೊಡಲು ಏನೂ ಇಲ್ಲದ ಮನೆಯೊಂದು ಇದ್ದೀತು. ಅವರನ್ನು ಬಿಟ್ಟು ಲೆಕ್ಕ ಮಾಡಬಾರದು. ಪುರದಲ್ಲಿ ಸಗಣಿಯ ಬುಟ್ಟಿಯನ್ನು ತೂಗುತ್ತಿದ್ದ ತಕ್ಕಡಿ ಅಲ್ಲಿನ ಎಂಜಿನ್ನಿನಷ್ಟೇ ಮುಖ್ಯವಾದ ಯಂತ್ರವಾಗಿತ್ತು. ಅಂಥ ತಕ್ಕಡಿಯೊಂದು ಪ್ರತಿ ಬೀದಿಗೂ ಬೇಕು. ಮುಂಗಾರು ಶುರುವಾಗುವ ಮುಂಚೆ ಮಾಳಿಗೆ ಗುಡಿಸಿ ಕೊಳವೆ ಜೋಡಿಸಿಕೊಂಡವರಿಗೆ ಈ ವರ್ಷದ ಮಳೆಯಿಂದಲೇ ಲೆಕ್ಕ ಆರಂಭಿಸಬಹುದು.